ಈ ಆಟ ಆಡಿಸಿದವರು ಯಾರು?

ಪುಷ್ಯ ಮಾಸದಲ್ಲಿ ಕೊಪ್ಪಳದ ಶ್ರೀ ಗವಿಮಠದ ಜಾತ್ರೆ ನೆರೆಯಿತೆಂದರೆ ಸುತ್ತಲ ನಾಡೆಲ್ಲ ಅತ್ತ ಹರಿದು ಬರುತ್ತದೆ. ತೇರಿಗೆ ಉತ್ತತ್ತಿ ಎಸೆದು, ಗವಿಸಿದ್ಧೇಶ್ವರನ ಗದ್ದುಗೆಗೆ ನಮಿಸಿ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿದ ಮೇಲೆ ನಮ್ಮ ಹಿರಿಯರು ಹುಡುಕಿಕೊಂಡು ಹೋಗುತ್ತಿದ್ದುದು ನಾಟಕದ ಡೇರೆಯನ್ನು. ರಾತ್ರಿಯಿಡೀ ಆಟ ನೋಡಿ ಬೆಳಗಿನ ಜಾವ ಚಕ್ಕಡಿಯಲ್ಲಿ ಮರಳುವಾಗ ಅವರ ಮಾತೆಲ್ಲ ಅದರದೇ. ಬಸವಣ್ಣನ ಪಾತ್ರ ಮಾಡಿದವರಾರು, ಅಕ್ಕನ ಕಂಠ ಎಂಥದು, ಹಾಸ್ಯದವನು ಎಷ್ಟು ನಗಿಸಿದ ಎಂದು ಊರು ಮುಟ್ಟುವವರೆಗೂ ಚರ್ಚೆ ನಡೆಯುತ್ತಿತ್ತು. ಇವರಿಗೆಲ್ಲ ಇದನ್ನು ಕಲಿಸಿದವರು ಯಾರು ಎಂದು ಕೇಳಿದವರನ್ನು ನಾವು ಕಾಣೆವು. ಕೇಳಬೇಕಾದದ್ದೂ ಇಲ್ಲವೆನ್ನಿ, ಚೆನ್ನಾಗಿ ನಡೆದ ನಾಟಕದಲ್ಲಿ ಆಡಿಸಿದವನು ಕಣ್ಣಿಗೆ ಬೀಳುವುದಿಲ್ಲ. ಆಟ ಕೆಟ್ಟಾಗ ಮಾತ್ರ ಆ ಪ್ರಶ್ನೆ ಏಳುತ್ತದೆ. ಹಾಗೆ ಎದ್ದ ಒಂದು ಪ್ರಶ್ನೆಯನ್ನು ನಾವು ಕಿವಿಯಾರೆ ಕೇಳಿದವರು. ಉತ್ತರ ಹೇಳಲಾರದೆ ತಲೆ ತಗ್ಗಿಸಿ ನಿಂತವರಲ್ಲಿ ನಾವೂ ಒಬ್ಬರು.

ಕೊಪ್ಪಳವು ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲದ ಮಾತು. ಕೊಪ್ಪಳದ ರೈಲು ಹಳಿ ದಾಟಿದರೆ ಭಾಗ್ಯನಗರ. ಮಗ್ಗದ ಸಪ್ಪಳ ಕೇಳುತ್ತಲೇ ಮಕ್ಕಳು ತೊಟ್ಟಿಲಲ್ಲಿ ನಿದ್ದೆ ಹೋಗುವ ನೇಕಾರರ ಊರು. ಆ ವರ್ಷದ ಬಸವ ಜಯಂತಿಗೆ ಓಣಿಯ ತರುಣರು ಸೇರಿ ಆದ್ಯ ವಚನಕಾರರೆಂದು ನಾವು ಗೌರವಿಸುವ ದೇವರ ದಾಸಿಮಯ್ಯನವರ ಚರಿತ್ರೆಯನ್ನು ಆಡುವುದೆಂದು ನಿಶ್ಚಯಿಸಿದರು. ನೇಯ್ಗೆಯ ಕಾಯಕದ ಶರಣರ ಕಥೆಯನ್ನು ನೇಕಾರರ ಊರಿನಲ್ಲಿ ಆಡುವುದಕ್ಕಿಂತ ಉಚಿತವಾದುದು ಬೇರೇನಿದ್ದೀತು? ಕಲಿಸಲು ಪಕ್ಕದ ಹಳ್ಳಿಯಿಂದ ವೃದ್ಧ ಪೇಟಿ ಮಾಸ್ತರೊಬ್ಬರು ಬರುತ್ತಿದ್ದರು. ಇಪ್ಪತ್ತು ದಿನ ತಾಲೀಮು ನಡೆಯುವಷ್ಟರಲ್ಲಿ ಅವರ ಸಂಭಾವನೆಯ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ಅವರು ಪೇಟಿಯನ್ನು ಹೆಗಲಿಗೇರಿಸಿಕೊಂಡು ನಡೆದುಬಿಟ್ಟರು. ಎಲ್ಲರಿಗೂ ಮಾತು ಬಾಯಿಗೆ ಬಂದಿವೆ, ಇನ್ನು ಮಾಸ್ತರರೇಕೆ ಎಂದು ನಾವೆಲ್ಲ ಧೈರ್ಯ ತಂದುಕೊಂಡೆವು. ಆ ತಂಡದಲ್ಲಿ ಪುಸ್ತಕ ಹಿಡಿದು ಮರೆತ ಮಾತನ್ನು ಒದಗಿಸುವ ಕೆಲಸ ನಮ್ಮದಾಗಿತ್ತು.

ಆಟ ಒಂಬತ್ತಕ್ಕೆಂದು ಹೇಳಿ ಹನ್ನೊಂದಕ್ಕೆ ಆರಂಭವಾಯಿತು. ಮೊದಲ ಪ್ರವೇಶದಲ್ಲಿಯೇ ದಾಸಿಮಯ್ಯನ ಪಾತ್ರಧಾರಿ ಮಗ್ಗದ ಮುಂದೆ ಕುಳಿತು ಲಾಳಿಯನ್ನು ಅತ್ತಿತ್ತ ಎಸೆಯುತ್ತ ಹಾಡತೊಡಗಿದ. ಸಭೆಯಿಂದ ಹಿರಿಯ ನೇಕಾರರೊಬ್ಬರು ಕೂತಲ್ಲಿಂದಲೇ ಕೂಗಿದರು: “ತಮ್ಮಾ, ಕಾಲು ತುಳೀಲಾರದ ಬಟ್ಟಿ ನೇಯಾಕ ಬರ್ತದೇನೋ?” ಇಡೀ ಸಭೆ ನಕ್ಕಿತು. ಸ್ವಂತ ಮನೆಯಲ್ಲಿ ಎರಡು ಮಗ್ಗವಿದ್ದ ಹುಡುಗನೇ ಆತ! ಮಗ್ಗದ ಮೇಲೆ ಕುಳಿತರೆ ಕಾಲು ತಾನಾಗಿ ತುಳಿಯುತ್ತಿತ್ತು. ರಂಗದ ಮೇಲೆ ಕುಳಿತಾಗ ಕಾಲು ಇದೆಯೆಂಬುದೇ ಮರೆತುಹೋಗಿತ್ತು. ನಗೆಯಿಂದ ಕಂಗೆಟ್ಟು ಆತ ಮಾತು ಮರೆತ. ನಾವು ಗಾಬರಿಯಿಂದ ಮುಂದಿನ ಪುಟದ ಮಾತನ್ನು ಒದಗಿಸಿದೆವು. ದುಗ್ಗಳೆಯ ಪ್ರವೇಶ ಹೀಗಾಗಿ ಬಿಟ್ಟೇಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ಅದೊಂದು ನಗೆಯ ಪ್ರಸಂಗವಾಗಿ ಉಳಿಯುತ್ತಿತ್ತು. ಜಂಗಮರೂಪದಲ್ಲಿ ಬಂದ ಶಿವನು ದಾಸಿಮಯ್ಯನವರು ನೇಯ್ದ ವಸ್ತ್ರವನ್ನು ಹರಿದು ಚೂರು ಮಾಡಿ, ಅವರ ಸಮಚಿತ್ತವನ್ನು ಕಂಡು ನಿಜರೂಪ ತೋರಿ ತವನಿಧಿಯನ್ನು ಕರುಣಿಸುವ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆ ಕ್ಷಣಕ್ಕೆ ಝಗ್ಗೆಂದು ಬೆಳಕು ಬರಲೆಂದು ಸಿಡಿಮದ್ದಿನ ಪುಡಿಯನ್ನು ತಗಡಿನ ಮೇಲೆ ಸುರಿದು ಹೊತ್ತಿಸುವ ಏರ್ಪಾಡು ಮಾಡಿದ್ದರು. ಪುಡಿಯನ್ನು ಎಷ್ಟು ಹಾಕಬೇಕೆಂದು ಯಾರಿಗೂ ಯಾರೂ ಹೇಳಿರಲಿಲ್ಲ. ನೀರಿನ ಬಕೀಟು ಎಲ್ಲಿದೆಯೆಂದು ಯಾರೂ ಕೇಳಿರಲಿಲ್ಲ. ಹದಿನಾರು ವರ್ಷದ ಹುಡುಗನೊಬ್ಬ ತಾನೇ ಉತ್ಸಾಹದಿಂದ ಮುಂದೆ ಬಂದು ಬೆಂಕಿ ಕೊಟ್ಟ. ಬಲಗೈ ಮೊಣಕೈವರೆಗೆ ಬೆಂದಿತು. ಹೊರಗೆ ಸಭೆಯು ಆ ಬೆಳಕಿಗೆ ಚಪ್ಪಾಳೆ ತಟ್ಟುತ್ತಿತ್ತು.

ಮರುದಿನ ಬೆಳಿಗ್ಗೆ ಆ ಹುಡುಗನ ತಾಯಿ ಗುಡಿಯ ಕಟ್ಟೆಗೆ ಬಂದರು. ಅವರು ಅಳಲಿಲ್ಲ, ಬೈಯಲೂ ಇಲ್ಲ. “ಈ ಆಟ ಆಡಿಸಿದವ್ರು ಯಾರ್ರೀ? ಅವ್ರನ್ನ ಒಂದ್ ಸಲ ನನಗ ತೋರಿಸ್ರಿ” ಎಂದಷ್ಟೇ ಕೇಳಿದರು. ಪಾತ್ರ ಮಾಡಿದವರು, ವಂತಿಗೆ ಎತ್ತಿದವರು, ಪರದೆ ಎಳೆದವರು, ಪುಸ್ತಕ ಹಿಡಿದವರು ಎಲ್ಲರೂ ಅಲ್ಲಿದ್ದೆವು. ಆಡಿಸಿದವರು ಮಾತ್ರ ಇರಲಿಲ್ಲ. ಎರಡು ತಿಂಗಳು ಆ ಮನೆಯ ಒಂದು ಮಗ್ಗ ನಿಂತಿತು.

ಬೇಸಿಗೆ ಬಂದರೆ, ಬಸವ ಜಯಂತಿ ಬಂದರೆ, ಶ್ರಾವಣದ ಪುರಾಣ ಮಂಗಲವಾದರೆ ನಮ್ಮ ಊರುಗಳಲ್ಲಿ ಇಂದಿಗೂ ನಾಟಕವಾಗುತ್ತದೆ. ಈ ಪತ್ರಿಕೆಯನ್ನೋದುವ ಮನೆಗಳ ಮಕ್ಕಳೇ ಅದರಲ್ಲಿ ಬಣ್ಣ ಹಚ್ಚುತ್ತಾರೆ. ಆದುದರಿಂದ ಪಾತ್ರಧಾರಿಗಳ ಹಿಂದೆ ನಿಲ್ಲುವ ಆ ಒಬ್ಬ ವ್ಯಕ್ತಿಯ, ಎಂದರೆ ನಿರ್ದೇಶಕನ, ವಿದ್ಯೆ ಎಂಥದು, ಹೊಣೆ ಎಷ್ಟರದು ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಿರ್ದೇಶಕನೆಂಬ ಹೆಸರು ಹೊಸದು. ಯುರೋಪಿನಲ್ಲಿ ಕೂಡ ಅದಕ್ಕೆ ಬಹಳ ವಯಸ್ಸಾಗಿಲ್ಲ. ಜರ್ಮನಿಯ ಮೈನಿಂಗೆನ್ ಎಂಬ ಚಿಕ್ಕ ಸಂಸ್ಥಾನದ ದೊರೆ ಎರಡನೆಯ ಜಾರ್ಜನು ತನ್ನ ನಾಟಕ ಮಂಡಳಿಯನ್ನು 1874ರಲ್ಲಿ ಬರ್ಲಿನ್ನಿಗೆ ಕರೆತಂದಾಗ ಅಲ್ಲಿಯ ಜನ ಬೆರಗಾದರು. ದೊಡ್ಡ ನಟನೊಬ್ಬ ನಡುವೆ ನಿಂತು ಗರ್ಜಿಸುವುದು, ಉಳಿದವರು ಸುತ್ತ ಗೊಂಬೆಗಳಂತೆ ನಿಲ್ಲುವುದು ಅಂದಿನ ವಾಡಿಕೆ. ಈ ದೊರೆಯ ಮಂಡಳಿಯಲ್ಲಾದರೋ ಗುಂಪಿನಲ್ಲಿ ನಿಂತವನಿಗೂ ಒಂದು ನಡೆ, ಒಂದು ಕಾರಣವಿತ್ತು. ಅದನ್ನು ಮುಂದೆ ಮಾಸ್ಕೋ ನಗರದಲ್ಲಿ ನೋಡಿ ಪ್ರಭಾವಿತನಾದ ಸ್ತಾನಿಸ್ಲಾವ್‌ಸ್ಕಿ 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಕಟ್ಟಿದವರಲ್ಲಿ ಒಬ್ಬನಾದ. ನಟರಿಗೆ ಕಲಿಸುವುದೇ ಒಂದು ಶಾಸ್ತ್ರವಾಗಬಲ್ಲುದೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟ.

ಹೆಸರು ಹೊಸದಾದರೂ ಕೆಲಸ ನಮ್ಮಲ್ಲಿ ಹಳೆಯದು. ಭರತನ ನಾಟ್ಯಶಾಸ್ತ್ರವು ಸೂತ್ರಧಾರನಿಗೆ ಗೀತ, ವಾದ್ಯ, ತಾಳ, ಭಾಷೆಗಳ ಜ್ಞಾನದೊಡನೆ ಲೋಕದ ಜನರ ನಡೆನುಡಿಗಳ ಪರಿಚಯವೂ ಇರಬೇಕೆಂದು ವಿಧಿಸುತ್ತದೆ. ಅಗರಖೇಡದ ಶ್ರೀರಂಗರು, ಎಂದರೆ ಆದ್ಯ ರಂಗಾಚಾರ್ಯರು, ಆ ಗ್ರಂಥವನ್ನು ಕನ್ನಡಕ್ಕೆ ತಂದು ಮಹದುಪಕಾರ ಮಾಡಿದ್ದಾರೆ. ಸೂತ್ರ ಹಿಡಿದವರನ್ನು ಕಣ್ಣಾರೆ ಕಾಣಬೇಕೆನ್ನುವವರು ಗ್ರಂಥವನ್ನೇ ತೆರೆಯಬೇಕೆಂದಿಲ್ಲ. ನಮ್ಮ ಕೊಪ್ಪಳ ತಾಲೂಕಿನ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ತೊಗಲು ಗೊಂಬೆಯಾಟವನ್ನು ಏಳು ದಶಕಗಳಿಗೂ ಮಿಕ್ಕಿ ನಡೆಸಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಗೊಂಬೆಯಾಟದಲ್ಲಿ ಪರದೆಯ ಹಿಂದಿರುವವರೇ ರಾಮ, ರಾವಣ, ಸೀತೆ. ಅವರೇ ಹಾಡು, ಅವರೇ ಮಾತು. ಜನ ನೋಡುವುದು ಬೆಳಕಿನಲ್ಲಿ ಆಡುವ ತೊಗಲನ್ನು ಮಾತ್ರ. ದೊಡ್ಡಾಟದ ಸಾರಥಿ, ಕಂಪನಿ ನಾಟಕದ ಮಾಸ್ತರ, ಹಳ್ಳಿಯ ಪೇಟಿ ಮಾಸ್ತರ ಇವರೆಲ್ಲ ಅದೇ ವಂಶದವರು. ಒಂದು ಭೇದ ಮಾತ್ರವಿದೆ. ಗೊಂಬೆಗೆ ಸ್ವಂತ ಮನಸ್ಸಿಲ್ಲ, ನಟನಿಗಿದೆ. ಮನಸ್ಸುಳ್ಳವರನ್ನು ದಾರ ಕಟ್ಟದೆ ಆಡಿಸಬೇಕಾದಲ್ಲಿಯೇ ನಿರ್ದೇಶಕನ ಕಷ್ಟ ಆರಂಭವಾಗುವುದು.

ಅವನ ಮೊದಲ ವಿದ್ಯೆ ಓದು. ನಾಟಕವನ್ನು ಕಥೆಗಾಗಿ ಓದುವುದು ಬೇರೆ, ಆಡಿಸುವುದಕ್ಕಾಗಿ ಓದುವುದು ಬೇರೆ. ಈ ಪ್ರವೇಶದಲ್ಲಿ ಯಾರಿಗೆ ಏನು ಬೇಕಾಗಿದೆ? ಅದಕ್ಕೆ ಅಡ್ಡಿ ಯಾರು? ಪ್ರವೇಶದ ಆದಿಯಲ್ಲಿ ಇಲ್ಲದುದು ಅಂತ್ಯದಲ್ಲಿ ಏನಾಯಿತು? ಈ ಮೂರನ್ನು ಪ್ರತಿ ಪ್ರವೇಶಕ್ಕೂ ಬರೆದಿಟ್ಟುಕೊಳ್ಳದೆ ತಾಲೀಮಿಗೆ ಕುಳಿತ ನಿರ್ದೇಶಕನು ದಾರಿ ಗೊತ್ತಿಲ್ಲದೆ ಚಕ್ಕಡಿ ಹೂಡಿದವನಂತೆ. ಶರಣರ ನಾಟಕಗಳಲ್ಲಂತೂ ಈ ಓದು ಇನ್ನೂ ಅವಶ್ಯಕ. ಕಲ್ಯಾಣದ ಒಂದೇ ಚರಿತ್ರೆಯನ್ನು ಪಿ. ಲಂಕೇಶರು ‘ಸಂಕ್ರಾಂತಿ’ಯಲ್ಲಿ ಕಂಡ ಬಗೆ ಒಂದು, ಎಚ್.ಎಸ್. ಶಿವಪ್ರಕಾಶರು ‘ಮಹಾಚೈತ್ರ’ದಲ್ಲಿ ಕಂಡ ಬಗೆ ಇನ್ನೊಂದು, ಗಿರೀಶ ಕಾರ್ನಾಡರು 1990ರ ‘ತಲೆದಂಡ’ದಲ್ಲಿ ಕಂಡ ಬಗೆ ಮತ್ತೊಂದು. ಇಂಥ ನಾಟಕಗಳ ಬಗ್ಗೆ ನಮ್ಮ ಸಮಾಜದಲ್ಲಿ ಭಿನ್ನಾಭಿಪ್ರಾಯಗಳು ಎದ್ದದ್ದುಂಟು. ಒಪ್ಪದವನು ಆಡಿಸದಿರಬಹುದು, ಆದರೆ ಒಂದರ ಪ್ರವೇಶವನ್ನು ಕತ್ತರಿಸಿ ಇನ್ನೊಂದಕ್ಕೆ ಹೊಲಿಯುವ, ಲೇಖಕರು ಬರೆಯದ ಮಾತನ್ನು ಅವರ ಹೆಸರಿನಲ್ಲಿ ಆಡಿಸುವ ಹಕ್ಕು ಅವನಿಗಿಲ್ಲ. ಟಿಕೀಟು ಇಟ್ಟು ಆಡುವುದಾದರೆ ಲೇಖಕರ ಒಪ್ಪಿಗೆ ಪಡೆಯಬೇಕು. ಲೇಖಕರು ಗತಿಸಿ 60 ವರ್ಷ ತುಂಬುವವರೆಗೆ ವಾರಸುದಾರರ ಒಪ್ಪಿಗೆಯಾದರೂ ಬೇಕು. ಹಳ್ಳಿಗಳಲ್ಲಿ ಇದನ್ನು ಯಾರೂ ಲೆಕ್ಕಿಸುವುದಿಲ್ಲವೆಂಬುದು ನಿಜ. ಲೆಕ್ಕಿಸದಿರುವುದು ಸರಿಯೆಂದು ಅದರಿಂದ ಆಗುವುದಿಲ್ಲ.

ಓದಿನ ಪರೀಕ್ಷೆಯಾಗುವುದು ಅನುಭವ ಮಂಟಪದ ಪ್ರವೇಶದಲ್ಲಿ. ಬಸವ ಜಯಂತಿಯ ನಾಟಕಗಳಲ್ಲಿ ಇದನ್ನು ನಾವು ಎಷ್ಟು ಸಲ ನೋಡಿದ್ದೇವೆಯೋ ಲೆಕ್ಕವಿಲ್ಲ, ಹೆಚ್ಚು ಸಲ ಬೇಸರಪಟ್ಟಿದ್ದೇವೆಂದು ಹೇಳಲು ಸಂಕೋಚಪಡುವುದಿಲ್ಲ. ಪರದೆ ಏಳುತ್ತದೆ. ನಡುವೆ ಶೂನ್ಯ ಸಿಂಹಾಸನದಲ್ಲಿ ಅಲ್ಲಮಪ್ರಭುಗಳು, ಎರಡೂ ಕಡೆ ಸಾಲಾಗಿ ಶರಣರು, ಎಲ್ಲರ ಹಣೆಯಲ್ಲಿಯೂ ಒಂದೇ ಅಳತೆಯ ವಿಭೂತಿ, ಎಲ್ಲರ ಮುಖವೂ ಸಭೆಯ ಕಡೆಗೆ. ಒಬ್ಬೊಬ್ಬರೇ ಎದ್ದು ಒಂದೊಂದು ವಚನ ಹೇಳಿ, ಅಂಕಿತ ಬಂದೊಡನೆ ಕೈಮುಗಿದು ಕುಳಿತುಕೊಳ್ಳುತ್ತಾರೆ. ಶಾಲೆಯ ಮಕ್ಕಳ ಹಾಜರಿ ಕೂಗಿದಂತೆ ತೋರುತ್ತದೆ. ಸಭೆಯಲ್ಲಿ ಕೂಸುಗಳು ಅಳಲು, ದೊಡ್ಡವರು ಆಕಳಿಸಲು ಆರಂಭಿಸುವುದು ಈ ಪ್ರವೇಶದಲ್ಲಿಯೇ. ಜಗತ್ತೇ ತಲೆದೂಗಬೇಕಾದ ಮಾತುಗಳು ಅಲ್ಲಿ ಹೊಳಪಿಲ್ಲದೆ ಬೀಳುತ್ತವೆ.

ಬಲ್ಲ ನಿರ್ದೇಶಕನು ಏನು ಮಾಡಿಯಾನು? ಮೊದಲು ಆ ಸಾಲನ್ನು ಮುರಿಯುತ್ತಾನೆ. ಪ್ರಭುಗಳ ಆಸನವನ್ನು ನಡುವಿನಿಂದ ತೆಗೆದು ಒಂದು ಮೂಲೆಗೆ ಓರೆಯಾಗಿ ಇಡುತ್ತಾನೆ. ಪ್ರಶ್ನೆ ಕೇಳುವವರು ಸಭೆಗೆ ಬೆನ್ನು ತೋರಿಸಬೇಕಾದ ಪ್ರಸಂಗ ಅಷ್ಟಕ್ಕೇ ತಪ್ಪುತ್ತದೆ. ನುಲಿಯ ಚಂದಯ್ಯನ ಕೈಗೆ ಹುಲ್ಲು ಕೊಟ್ಟು ಹಗ್ಗ ಹೊಸೆಯಲು ಹಚ್ಚುತ್ತಾನೆ. ಆಯ್ದಕ್ಕಿ ಲಕ್ಕಮ್ಮನ ಮುಂದೆ ಮೊರದಲ್ಲಿ ಅಕ್ಕಿ. ಮೋಳಿಗೆಯ ಮಾರಯ್ಯ ಕಟ್ಟಿಗೆಯ ಹೊರೆ ಇಳಿಸಿ ಬೆವರು ಒರೆಸಿಕೊಳ್ಳುತ್ತ ತಡವಾಗಿ ಬರುತ್ತಾನೆ. ಆ ಕೈಗಳೆಲ್ಲ ತಮ್ಮ ಕಾಯಕ ನಡೆಸಿರುವಾಗ ಅಕ್ಕಮಹಾದೇವಿಯು ರಂಗದ ಪಕ್ಕದಿಂದಲ್ಲ, ಸಭಿಕರ ನಡುವಿನಿಂದ ನಡೆದು ಬರುತ್ತಾಳೆ. ಪ್ರಭುಗಳು ಮೊದಲ ಪ್ರಶ್ನೆ ಕೇಳಿದೊಡನೆ ಎಲ್ಲ ಕೈಗಳೂ ನಿಲ್ಲುತ್ತವೆ. ಆ ನಿಲುಗಡೆ ಇದೆಯಲ್ಲ, ಅದನ್ನು ಹೊಂದಿಸುವುದಕ್ಕೆ ನಾಲ್ಕು ದಿನದ ತಾಲೀಮು ಬೇಕು. ಪುಸ್ತಕದಲ್ಲಿ ಅದಕ್ಕೆ ಒಂದಕ್ಷರವೂ ಇಲ್ಲ.

ವಚನ ಹೇಳಿಸುವುದೂ ಒಂದು ಹದ. ಕಂಪನಿಯ ರೂಢಿಯಿಂದ ಬಂದವರು ಅದನ್ನು ರಾಗಕ್ಕೆ ಕೂಡಿಸಿ ಎಳೆಯುತ್ತಾರೆ. ಕಾಲೇಜಿನಿಂದ ಬಂದವರು ಭಾಷಣದಂತೆ ಗುಡುಗುತ್ತಾರೆ. ‘ಇದನ್ನು ನೀನು ಯಾರಿಗೆ ಹೇಳುತ್ತಿದ್ದೀ?’ ಎಂದು ನಿರ್ದೇಶಕನು ಕೇಳಬೇಕು. ಬಿಜ್ಜಳನಿಗೆ ಹೇಳುವ ಮಾತು, ನೀಲಾಂಬಿಕೆಗೆ ಹೇಳುವ ಮಾತು, ತನಗೆ ತಾನೇ ಹೇಳಿಕೊಳ್ಳುವ ಮಾತು ಇವು ಒಂದೇ ಕಂಠದಿಂದ ಬಂದರೂ ಒಂದೇ ಎತ್ತರದಲ್ಲಿ ಬರಲಾರವು. ಇದನ್ನು ಹಿಡಿಯಲು ಬೇಕಾದುದು ಕಣ್ಣಿಗಿಂತ ಕಿವಿ. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅಂಧ ಅನಾಥ ಮಕ್ಕಳ ಅನ್ನ ಮತ್ತು ವಿದ್ಯೆಗಳ ಸಲುವಾಗಿ ನಾಟಕ ಸಂಘವನ್ನೇ ಕಟ್ಟಿ ಊರೂರು ನಡೆಸಿದುದನ್ನು ನಮ್ಮ ಭಾಗದ ಹಿರಿಯರೆಲ್ಲ ಬಲ್ಲರು. ಲಿಂಗೈಕ್ಯ ಡಾ. ಪುಟ್ಟರಾಜ ಗವಾಯಿಗಳವರು (1914–2010) ನಾಟಕಗಳನ್ನು ಬರೆದರು, ಹಾಡು ಕೂಡಿಸಿದರು, ಸಂಘವನ್ನು ಸಲಹಿದರು. ಕಣ್ಣಿಲ್ಲದ ಗುರುಗಳು ಸ್ವರದ ಒಂದು ಎಳೆ ತಪ್ಪಿದರೂ ಹಿಡಿಯುತ್ತಿದ್ದ ಪರಂಪರೆ ಅದು. ಬೆಳಕು, ಪರದೆ, ಬಣ್ಣಗಳಿಗೆ ಮರುಳಾದ ಇಂದಿನ ತರುಣ ನಿರ್ದೇಶಕರು ತಾಲೀಮಿನಲ್ಲಿ ಒಂದು ದಿನವಾದರೂ ಕಣ್ಣು ಮುಚ್ಚಿ ಕುಳಿತು ತಮ್ಮ ನಾಟಕವನ್ನು ಕೇಳಿ ನೋಡಲಿ. ಎಲ್ಲಿ ಬೇಸರವಾಗುವುದೋ ಅಲ್ಲಿ ತಿದ್ದಬೇಕಾದುದಿದೆ.

ಪಾತ್ರ ಹಂಚಿಕೆಯ ಕಷ್ಟವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೆಚ್ಚು ವಂತಿಗೆ ಕೊಟ್ಟವರ ಮಗನಿಗೆ ಬಸವಣ್ಣನ ಪಾತ್ರ, ಬಡವರ ಮಗನಿಗೆ ದ್ವಾರಪಾಲಕನ ಪಾತ್ರ ಎಂಬುದು ಊರ ನಾಟಕಗಳ ಹಳೆಯ ರೋಗ. ಮೇಲುಕೀಳೆಂಬುದನ್ನು ಅಳಿಸಲು ಬಂದ ಮಹಾತ್ಮರ ನಾಟಕದಲ್ಲಿಯೇ ಹೀಗಾಗುವುದನ್ನು ನೋಡಿದಾಗ ನಗಬೇಕೋ ಅಳಬೇಕೋ ತಿಳಿಯದು. ಕಂಠ, ನಿಲುವು, ನೆನಪು, ಶ್ರಮಪಡುವ ಗುಣ ಇವನ್ನು ನೋಡಿ ಪಾತ್ರ ಕೊಡಬೇಕಾದವನು ನಿರ್ದೇಶಕ. ಆ ನಿಷ್ಠುರ ಅವನೇ ಹೊರಬೇಕು. ಪಂಚರು ಪಾತ್ರ ಹಂಚಿ ಇಟ್ಟ ಮೇಲೆ ಕಲಿಸಲು ಕರೆದರೆ ಒಪ್ಪಿಕೊಳ್ಳದಿರುವುದೇ ಲೇಸು.

ತಾಲೀಮಿಗೆ ಎಷ್ಟು ದಿನ ಬೇಕು? ಎರಡು ತಾಸಿನ ನಾಟಕಕ್ಕೆ, ಹಗಲು ದುಡಿದು ರಾತ್ರಿ ಕಲಿಯುವ ಹುಡುಗರಾದರೆ, ನಲವತ್ತು ದಿನಕ್ಕೆ ಕಡಿಮೆಯಾಗದು ಎಂಬುದು ನಮ್ಮ ಅನುಭವ. ಮೊದಲ ವಾರ ಕೂತು ಓದುವುದೇ ಕೆಲಸ. ಆಮೇಲೆ ನೆಲದ ಮೇಲೆ ಸುಣ್ಣದಿಂದ ರಂಗದ ಅಳತೆಯನ್ನು ಬರೆದು, ಎಲ್ಲಿಂದ ಬರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕೂಡಿಸುವುದು. ಹತ್ತು ದಿನ ಉಳಿದಿರುವಾಗ ಪುಸ್ತಕ ಕೈಬಿಡಿಸುವುದು. ಕೊನೆಯ ಎರಡು ರಾತ್ರಿ ಬೆಳಕು, ಧ್ವನಿ, ಬಣ್ಣ, ಉಡುಪುಗಳ ಸಮೇತ ಆರಂಭದಿಂದ ಅಂತ್ಯದವರೆಗೆ ಎಲ್ಲಿಯೂ ನಿಲ್ಲಿಸದೆ ಆಡಿಸುವುದು. ಹಳ್ಳಿಗಳಲ್ಲಿ ಹೆಣ್ಣು ಪಾತ್ರಕ್ಕೆ ಹೊರ ಊರಿನಿಂದ ಬರುವ ಕಲಾವಿದೆಯರು ಆಟದ ದಿನವೇ ಬಂದಿಳಿಯುತ್ತಾರೆ. ಅವರಿಗೆ ಮೊದಲೇ ಪುಸ್ತಕ ಕಳಿಸುವುದು, ಕೊನೆಯ ತಾಲೀಮಿಗಾದರೂ ಕರೆಸುವುದು, ತಂಗಲು ಗೌರವದ ಮನೆ ನೋಡುವುದು, ಆಟ ಮುಗಿದೊಡನೆ ಗೊತ್ತು ಮಾಡಿದ ಹಣವನ್ನು ಕೈಗಿಟ್ಟು ಬಸ್ಸಿಗೆ ಹತ್ತಿಸುವುದು ಇವೂ ನಿರ್ದೇಶಕನ ಹೊಣೆಯೇ. ಇದು ಕಮಿಟಿಯ ಕೆಲಸವೆಂದು ಜಾರಿಕೊಳ್ಳುವವರನ್ನು ನಾವು ಕಂಡಿದ್ದೇವೆ. ನಮ್ಮ ಹೆಣ್ಣುಮಕ್ಕಳನ್ನು ರಂಗಕ್ಕೆ ಕಳಿಸಲು ಹಿಂಜರಿಯುವ ತಾಯಂದಿರು ಹಿಂಜರಿಯುವುದು ಕಲೆಯ ಮೇಲಿನ ಅಸಡ್ಡೆಯಿಂದಲ್ಲ, ರಾತ್ರಿ ಹನ್ನೆರಡರ ಮೇಲೆ ಮಗಳನ್ನು ಮನೆಗೆ ಮುಟ್ಟಿಸುವವರು ಯಾರೆಂದು ತಿಳಿಯದ್ದರಿಂದ.

ಪ್ರಸಿದ್ಧಿ ನಟನಿಗೆ, ಹೊಣೆ ನಿರ್ದೇಶಕನಿಗೆ ಎಂದೆವು. ಎರಡನ್ನೂ ಒಬ್ಬರೇ ಹೊತ್ತ ಮಹನೀಯರೂ ನಮ್ಮಲ್ಲಿದ್ದರು. ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪನವರು (1914–2017) ತಮ್ಮ ಕಲಾವೈಭವ ನಾಟ್ಯ ಸಂಘಕ್ಕೆ ಒಡೆಯರೂ ಹೌದು, ಕಲಿಸುವವರೂ ಹೌದು, ಮುಖ್ಯ ಪಾತ್ರಧಾರಿಯೂ ಹೌದು. ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಅವರ ಬಸವಣ್ಣನನ್ನು ಕಂಡ ಜನ ಪಾತ್ರವನ್ನೂ ಪಾತ್ರಧಾರಿಯನ್ನೂ ಬೇರೆ ಮಾಡಿ ನೋಡಲಾರದೆ ಭಕ್ತಿಯಿಂದ ನಮಿಸುತ್ತಿದ್ದರು. ಹಾಗೆ ನಮಿಸುವ ಜನ ಇರುವಲ್ಲಿ ಆಡಿಸುವವನ ಜವಾಬ್ದಾರಿ ಇಮ್ಮಡಿಯಾಗುತ್ತದೆ. ಅಕ್ಕನ ಪಾತ್ರದವಳು ಯಾವ ಉಡುಪಿನಲ್ಲಿ ಬರಬೇಕು, ಹರಳಯ್ಯ ಮಧುವರಸರ ಎಳೆಹೂಟೆಯನ್ನು ಎಷ್ಟು ತೋರಿಸಬೇಕು, ಎಷ್ಟನ್ನು ತೆರೆಯ ಹಿಂದಿನ ಒಂದು ಸದ್ದಿಗೆ ಬಿಡಬೇಕು ಎಂಬುದನ್ನು ಅವನು ಮೊದಲೇ ನಿರ್ಧರಿಸಿರಬೇಕು. ಭೀಕರವಾದುದನ್ನೆಲ್ಲ ಕಣ್ಣಿಗೆ ತೋರಿಸಿದರೆ ಸಭೆ ಬೆಚ್ಚುತ್ತದೆ, ಮರುಗುವುದಿಲ್ಲ.

ಈ ವಿದ್ಯೆಯನ್ನು ಎಲ್ಲಿ ಕಲಿಯಬೇಕೆಂದು ಕೇಳುವವರಿದ್ದಾರೆ. ಹಿಂದೆ ಕಂಪನಿಯೇ ಶಾಲೆ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಬಾಲನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು. ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರೆಂಬ ಹುಡುಗನಿಗೆ ಆಶ್ರಯವಿತ್ತು, ಮುಂದೆ ಓದಲು ಕಾಶಿಗೆ ಕಳಿಸಿದವರೂ ಅವರೇ. ಆ ಹುಡುಗ 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದು, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಂಥ ನಾಟಕಗಳ ಮೂಲಕ ಕನ್ನಡದ ನಿರ್ದೇಶನಕ್ಕೇ ಹೊಸ ದಾರಿ ತೆರೆದು, 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ನಟಿಯಾಗಿಯೂ ನಿರ್ದೇಶಕಿಯಾಗಿಯೂ ಹೆಸರಾಗಿ 2013ರಲ್ಲಿ ಪದ್ಮಶ್ರೀ ಪಡೆದರು. ಆಡಿಸುವುದು ಗಂಡಸರ ಕೆಲಸವೆಂದು ತಿಳಿದವರು ಇದನ್ನು ಗಮನಿಸಬೇಕು. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತ ಬಂದಿದೆ. ನಮ್ಮ ಮಠಗಳಲ್ಲಿಯೇ ನೋಡುವುದಾದರೆ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಪೂಜ್ಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವನ್ನು ಸ್ಥಾಪಿಸಿದರು. 1997ರಿಂದ ‘ಶಿವಸಂಚಾರ’ವೆಂಬ ತಿರುಗಾಟದ ತಂಡ ವರ್ಷಕ್ಕೆ ಮೂರು ನಾಟಕಗಳನ್ನು ಹೊತ್ತು ನಾಡು ಸುತ್ತುತ್ತಿದೆ. ಅಲ್ಲಿ ರಂಗಶಿಕ್ಷಣದ ಶಾಲೆಯೂ ಇದೆ. ಒಂದೂರಿನ ದೊಡ್ಡ ಮಂದಿರದಲ್ಲಿ ಆಡಿದುದನ್ನು ಮರುದಿನ ಇನ್ನೊಂದೂರಿನ ಶಾಲೆಯ ಅಂಗಳದಲ್ಲಿ ಆಡಬೇಕಾದ ಇಂಥ ತಂಡಕ್ಕೆ ನಾಟಕ ಕೂಡಿಸುವವನು ಎಷ್ಟು ಲೆಕ್ಕ ಹಾಕಬೇಕೆಂಬುದನ್ನು ಓದುಗರೇ ಊಹಿಸಲಿ.

ಭಾಗ್ಯನಗರದ ಕಥೆಯನ್ನು ಅರ್ಧಕ್ಕೆ ಬಿಟ್ಟೆವು. ಮರುವರ್ಷ ಮತ್ತೆ ನಾಟಕ ಬೇಡವೆಂದೇ ಹಿರಿಯರು ಹೇಳಿದರು. ಬೇಕೆಂದು ಹಟ ಹಿಡಿದವನು ಕೈ ಸುಟ್ಟುಕೊಂಡ ಹುಡುಗನೇ. ನಾಲ್ವರು ಕೂಡಿ ಆ ವೃದ್ಧ ಮಾಸ್ತರರ ಹಳ್ಳಿಗೆ ಹೋದೆವು. ಕ್ಷಮೆ ಕೇಳಿ, ಬಾಕಿ ಉಳಿದಿದ್ದ ಸಂಭಾವನೆಯನ್ನು ವೀಳ್ಯದೆಲೆಯ ಮೇಲಿಟ್ಟು ಅವರ ಮುಂದೆ ಹಿಡಿದೆವು. ಅವರು ಹಣವನ್ನು ಎಣಿಸಲಿಲ್ಲ. “ಆ ಹುಡುಗನ ಕೈ ಹೆಂಗದ?” ಎಂದು ಕೇಳಿದರು. ಅವರಿಗೆ ಸುದ್ದಿ ಮುಟ್ಟಿತ್ತು. ತಾವು ಸಿಟ್ಟಿನಿಂದ ಎದ್ದು ಹೋಗಬಾರದಿತ್ತೆಂದು ಅವರೂ ಒಂದು ಮಾತು ಆಡಿದರು. ನಾವು ಅದನ್ನು ನಿರೀಕ್ಷಿಸಿರಲಿಲ್ಲ.

ಮಾಸ್ತರರು ಬಂದು ಮೊದಲ ದಿನ ಪೇಟಿಯನ್ನು ತೆರೆಯಲೇ ಇಲ್ಲ. ಒಂದು ನೋಟುಬುಕ್ಕು ತರಿಸಿ, ಪಾತ್ರಗಳ ಪಟ್ಟಿಗಿಂತ ಮೊದಲು ಕೆಲಸಗಳ ಪಟ್ಟಿ ಬರೆಸಿದರು. ಪರದೆ ಎಳೆಯುವವನಾರು, ಸಾಮಾನು ಒದಗಿಸುವವನಾರು, ದೀಪದ ವೈರು ನೋಡಿಕೊಳ್ಳುವವನಾರು, ಹೆಣ್ಣುಮಕ್ಕಳನ್ನು ಮನೆಗೆ ಮುಟ್ಟಿಸುವವರಾರು, ಎರಡು ಬಕೀಟು ನೀರು ಒಂದು ಬಕೀಟು ಉಸುಕು ಇಟ್ಟುಕೊಂಡು ಪಕ್ಕದಲ್ಲಿ ಕೂರುವವನಾರು ಎಂದು ಒಂದೊಂದರ ಮುಂದೆ ಹೆಸರು ಹಚ್ಚಿಸಿ ಸಹಿ ಹಾಕಿಸಿದರು. ಉಸುಕಿನ ಬಕೀಟಿನ ಮುಂದೆ ಆ ಹುಡುಗ ತಾನೇ ತನ್ನ ಹೆಸರು ಬರೆದ. ಪುಟದ ಅಡಿಯಲ್ಲಿ ‘ಇವೆಲ್ಲಕ್ಕೂ ಹೊಣೆ’ ಎಂದು ಬರೆದು ಮಾಸ್ತರರು ತಮ್ಮ ಹೆಸರು ಹಾಕಿದರು. ಸಿಡಿಮದ್ದನ್ನು ಪೂರ್ತಿ ತೆಗೆದುಹಾಕಿದರು. ಶಿವನು ನಿಜರೂಪ ತೋರುವಾಗ ಎಲ್ಲ ದೀಪ ಆರಿಸಿ ಒಂದೇ ಒಂದು ಹಣತೆ ಉಳಿಸಿದರು.

ಎರಡನೆಯ ದಿನ ಹಿಂದಿನ ವರ್ಷ ಕೂಗಿದ ಹಿರಿಯ ನೇಕಾರರ ಮನೆಗೆ ದಾಸಿಮಯ್ಯನ ಪಾತ್ರದವನನ್ನು ಕರೆದೊಯ್ದು, ಅವರ ಮಗ್ಗದ ಮುಂದೆ ಕೂರಿಸಿದರು. ಎಂಟು ದಿನ ಸಂಜೆ ಅಲ್ಲಿಯೇ ತಾಲೀಮು. ಕಾಲು ತುಳಿದು, ಲಾಳಿ ಎಸೆದು, ಹಣಿಗೆ ಬಡಿಯುವ ಲಯಕ್ಕೆ ಮಾತು ಕೂಡುವವರೆಗೆ ಹುಡುಗನನ್ನು ಏಳಗೊಡಲಿಲ್ಲ.

ಆಟದ ರಾತ್ರಿ ಆ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದ ನಮಗೆ ಅವರ ಮುಖ ಚೆನ್ನಾಗಿ ಕಾಣುತ್ತಿತ್ತು. ಮೊದಲ ಪ್ರವೇಶ ಮುಗಿಯುವವರೆಗೆ ಅವರು ಹುಡುಗನ ಮುಖವನ್ನು ನೋಡಲೇ ಇಲ್ಲ. ಅವನ ಕಾಲನ್ನೇ ನೋಡುತ್ತಿದ್ದರು. ಮಾಸ್ತರರು ಎಲ್ಲಿದ್ದಾರೆಂದು ನಡುವೆ ಒಮ್ಮೆ ಹುಡುಕಿದೆವು. ಪೇಟಿಯನ್ನು ಶಿಷ್ಯನ ಕೈಗೆ ಕೊಟ್ಟು ಅವರು ಸಭೆಯ ಕಟ್ಟಕಡೆಯಲ್ಲಿ, ಹೆಣ್ಣುಮಕ್ಕಳು ಕುಳಿತಿದ್ದ ಚಾಪೆಗಳ ಆಚೆ, ಶಾಲು ಹೊದ್ದು ನಿಂತು ಹಿಂದಿನವರಿಗೆ ಮಾತು ಕೇಳಿಸುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟಿದ್ದರು.